ಕರಿ ಗೌನಿನ ಮೇಲಿನ ಬಿಳಿ ಕೂದಲು

ತಾರೀಖು 14, ಗುರುವಾರ
ಬೆಳಗ್ಗೆ ಹತ್ತೂವರೆ

ಸೊಸೆಗೆ,

ಅತ್ತೆಯ ಆಶೀರ್ವಾದ. ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡಬೇಕೆಂದು ನಮಗೆ ಶಾಲೆಯಲ್ಲಿ ಕಲಿಸಿದ್ದರು. ಇವತ್ತು ಅದರಲ್ಲಿ ಅರ್ಧವನ್ನು ಮಾತ್ರ ಬರೆಯಬಹುದು. ನಿನ್ನ ಗಂಡ ಕ್ಷೇಮ. ಇಸ್ತ್ರಿಯವನು ಕ್ಷೇಮ. ನಾನು ಎಂದಿನಂತೆ. ನಿನ್ನ ಬೆಕ್ಕು ಕ್ಷೇಮವಾಗಿಲ್ಲ.

ಗಾಬರಿಯಾಗಬೇಡ. ಆಗುವುದಿದ್ದರೂ ಪೂರ್ತಿ ಓದಿ ಆಮೇಲೆ ಆಗು.

ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಅಂಗಡಿಯಿಂದ ಹೊರಡುವ ಆತುರದಲ್ಲಿ ಕೈಗೆ ಸಿಕ್ಕಿದ್ದು ಅಳತೆ ಪುಸ್ತಕ ಒಂದೇ, ಅದರ ಹಾಳೆಗಳನ್ನೇ ಹರಿದಿದ್ದೇನೆ. ಹಿಂಬದಿಯಲ್ಲಿ ಯಾವುದೋ ವಕೀಲರ ಭುಜದ ಅಗಲ, ತೋಳಿನ ಉದ್ದ ಕಂಡರೆ ಅದು ನಿನಗಲ್ಲ. ಫೋನು ಮಾಡಬಹುದಿತ್ತಲ್ಲ ಎನ್ನುತ್ತೀಯ. ನಾನು ಮಾಡಿದರೆ ನೀನು ತೆಗೆಯುವುದಿಲ್ಲ. ತೆಗೆದರೂ ಫೋನಿನಲ್ಲಿ ನನಗೆ ಮಾತು ಬರುವುದಿಲ್ಲ, ಜಗಳ ಮಾತ್ರ ಬರುತ್ತದೆ. ಬೆಕ್ಕಿನ ವಿಷಯ ನಾನೇ ತಿಳಿಸುತ್ತೇನೆ, ನೀನು ಬಾಯಿ ಬಿಡಬೇಡ ಎಂದು ನಿನ್ನ ಗಂಡನಿಗೆ ಹೇಳಿದ್ದೇನೆ. ಬಾಯಿ ಬಿಡದಿರುವುದರಲ್ಲಿ ಅವನು ಅವರಪ್ಪನ ಮಗ, ಹೇಳಬೇಕಾಗಿಯೇ ಇರಲಿಲ್ಲ.

ವಿಷಯ ಇಷ್ಟು. ನಿನ್ನ ಬೆಕ್ಕು ಸುಣ್ಣನ ಹೊಟ್ಟೆಯಲ್ಲಿ ಕೂದಲಿನ ಉಂಡೆ ಕಟ್ಟಿದೆ. ಸೋಮವಾರದಿಂದ ಓಕರಿಸುತ್ತಿತ್ತು, ಏನೂ ಹೊರಗೆ ಬರಲಿಲ್ಲ. ತಿನ್ನುವುದನ್ನು ಬಿಟ್ಟಿತು. ಮನೆಯಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಿದೆವು. ಇವತ್ತು ಬೆಳಗ್ಗೆ ಉಸಿರಾಟ ಸ್ವಲ್ಪ ಜೋರಾಗಿ ಕಂಡಿತು, ಕರೆತಂದೆವು. ಈಗ ಒಳಗಿದೆ. ಡ್ರಿಪ್ ಹಾಕಿದ್ದಾರೆ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ಆದರೆ ಕೈ ಅಲುಗುವುದಿಲ್ಲ. ನಮ್ಮಲ್ಲಿ ಕೆಲಸಕ್ಕೆ ಬಂದಿದ್ದರೆ ಗುಂಡಿಗಳ ಕಾಜಾಕ್ಕೆ ಕೂರಿಸಬಹುದಿತ್ತು.

ನೀನು ಹೋಗಿ ಎರಡು ತಿಂಗಳ ಮೇಲೆ ಹತ್ತು ದಿನವಾಯಿತು. ನಾನೇನೂ ಎಣಿಸುತ್ತ ಕೂತಿಲ್ಲ. ಕ್ಯಾಲೆಂಡರು ಇಸ್ತ್ರಿ ಮೇಜಿನ ಎದುರಿಗೇ ಇದೆ, ಕಣ್ಣಿಗೆ ಬೀಳುತ್ತದೆ.

ಯಾಕೆ ಹೋದೆ ಎಂಬುದನ್ನು ನಾವಿಬ್ಬರೂ ಮರೆತಿಲ್ಲ. ಜಡ್ಜಮ್ಮ ಮೇಲಿನ ಕೋರ್ಟಿಗೆ ಹೋಗುವ ಮೊದಲ ದಿನಕ್ಕೆಂದು ನಮ್ಮಲ್ಲಿ ಗೌನು ಹೊಲಿಸಿದರು. ಪ್ರಮಾಣವಚನದ ಮರುದಿನ ತಾವೇ ಅಂಗಡಿಗೆ ಬಂದು, ಕರಿ ಭುಜದ ಮೇಲಿದ್ದ ಬೆರಳುದ್ದದ ಬಿಳಿ ಕೂದಲನ್ನು ಎತ್ತಿ ಹಿಡಿದು, "ಅಮ್ಮಾ, ನಿಮ್ಮನೆ ಬೆಕ್ಕೂ ನನ್ನ ಜೊತೆ ಪ್ರಮಾಣ ತಗೊಳ್ತು ನೋಡಿ" ಎಂದು ನಕ್ಕರು. ಒಳ್ಳೆಯ ಮನಸ್ಸಿನಿಂದಲೇ ನಕ್ಕರು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನಲವತ್ತೊಂದು ವರ್ಷದಲ್ಲಿ ನನ್ನ ಒದ್ದೆ ಅಂಗೈ ಕೊನೆಯ ಸಲ ಸವರದೆ ಒಂದು ಗೌನೂ ಆ ಹೊಸ್ತಿಲು ದಾಟಿಲ್ಲ. ದಾರದ ಚೂರು, ಸೀಮೆಸುಣ್ಣದ ಪುಡಿ, ಕೂದಲು, ಏನಿದ್ದರೂ ನನ್ನ ಅಂಗೈಗೆ ಅಂಟಬೇಕು. ಆಮೇಲೆ ನೀನು ಕವರು ಹಾಕಬೇಕು. ಅದು ನಮ್ಮ ಕ್ರಮ.

ಅವರು ಹೊರಟ ಮೇಲೆ ನಿನ್ನನ್ನು ಎಲ್ಲರೆದುರಿಗೇ ಕರೆದೆ. ನೀನು ಸ್ಟೂಲಿನಿಂದ ಎದ್ದು ನಿಂತು ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ. "ಅತ್ತೆ, ಕವರ್ ಹಾಕೋ ಮುಂಚೆ ನಾನು ಎರಡು ಸಲ ನೋಡಿದೀನಿ. ಅದರ ಮೇಲೆ ಒಂದು ಕೂದಲೂ ಇರಲಿಲ್ಲ." ನಾನು ಅಂದೆ, "ಹಂಗಾದ್ರೆ ಕೂದಲಿಗೆ ಕಾಲು ಬಂತಾ? ಕವರಿನ ಜಿಪ್ಪು ತಾನೇ ತೆಗೆದುಕೊಂಡು ಒಳಗೆ ಹೋಯ್ತಾ?" ನೀನು ಮತ್ತೆ ಅದೇ ಮಾತು ಹೇಳಿದೆ. ನಾನು ಸುಳ್ಳುಗಾತಿ ಎಂದೆ. ಮಿಷನ್ನಿನ ಇಬ್ಬರು ಹೆಂಗಸರೂ ಪೆಡಲು ತುಳಿಯುವುದನ್ನು ನಿಲ್ಲಿಸಿದರು. ಆ ದಿನದ ಬಗ್ಗೆ ಇಷ್ಟು ಸಾಕು.

ಮರುದಿನ ನೀನು ಅಕ್ಕನ ಮನೆಗೆ ಹೊರಟೆ. ಅಲ್ಲಿ ಕೂಸಿಗೆ ಉಬ್ಬಸ, ಬೆಕ್ಕು ಬರುವ ಹಾಗಿರಲಿಲ್ಲ. ಬಾಗಿಲಲ್ಲಿ ನಿಂತು ಬೆಕ್ಕಿನ ಬಾಚಣಿಗೆಯನ್ನು ನನ್ನ ಕೈಗೆ ಕೊಟ್ಟೆ. "ನನ್ನ ಮೇಲಿನ ಸಿಟ್ಟನ್ನ ಅದರ ಮೇಲೆ ತೀರಿಸ್ಕೋಬೇಡಿ ಅತ್ತೆ. ದಿನಾ ಒಂದ್ಸಲ ಬಾಚಿ, ಅಷ್ಟೇ ಸಾಕು" ಎಂದೆ. ನಾನು ಬಾಚಣಿಗೆಯನ್ನು ಗುಂಡಿಗಳ ಡ್ರಾಯರಿನೊಳಗೆ ಹಾಕಿ ಮುಚ್ಚಿದೆ.

ನರ್ಸು ಕರೆಯುತ್ತಿದ್ದಾಳೆ.

ಮಧ್ಯಾಹ್ನ ಒಂದು ಗಂಟೆ

ಮನೆಯಲ್ಲಿ ಮಾಡಬೇಕಾದದ್ದನ್ನೆಲ್ಲ ಮಾಡಿದೆವು ಎಂದು ಮೇಲೆ ಬರೆದಿದ್ದೇನೆ. ಹೊಡೆದು ಹಾಕೋಣವೆಂದರೆ ಹಾಳೆ ಗಲೀಜಾಗುತ್ತದೆ. ಅದು ಅಲ್ಲಿಯೇ ಇರಲಿ, ನಿಜವನ್ನು ಇಲ್ಲಿ ಬರೆಯುತ್ತೇನೆ.

ಮದುವೆಯಾಗಿ ಬರುವಾಗ ನೀನು ಎರಡು ಪೆಟ್ಟಿಗೆ, ಒಂದು ಬೆಕ್ಕು ತಂದೆ. ಕರಿ ಗೌನು ಹೊಲಿಯುವ ಮನೆಗೆ ಉದ್ದ ಕೂದಲಿನ ಬಿಳಿ ಬೆಕ್ಕು! ಇಸ್ತ್ರಿಯವನು ಅವತ್ತೇ ಅಂದಿದ್ದ: "ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಅಂತಾರೆ. ಈ ಮನೇಲಿ ಇನ್ಮೇಲೆ ಸುಣ್ಣಕ್ಕೇ ಬೆಣ್ಣೆ." ಹೆಸರು ಹಾಗೆಯೇ ನಿಂತಿತು. ಬೆಳಗ್ಗೆ ಅಂಗಡಿ ತೆರೆಯುವ ಮೊದಲು ನೀನು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅದನ್ನು ಬಾಚುವುದು, ಬಂದ ಕೂದಲನ್ನು ತಗಡಿನ ಡಬ್ಬಿಯಲ್ಲಿ ಅದುಮಿ ಇಡುವುದು, ಮೂರು ಕಡೆ ಅಗಲದ ಬಟ್ಟಲಲ್ಲಿ ನೀರು ಇಡುವುದು, ಇದೆಲ್ಲ ನನಗೆ ಕೆಲಸವಿಲ್ಲದವರ ಕೆಲಸವಾಗಿ ಕಾಣುತ್ತಿತ್ತು. ಮಕ್ಕಳ ತಲೆ ಬಾಚಲು ನಮಗೆ ಪುರುಸೊತ್ತಿರಲಿಲ್ಲ, ಇವಳಿಗೆ ಬೆಕ್ಕಿನ ಶೃಂಗಾರ ಎಂದು ನಿನ್ನ ಕಿವಿಗೆ ಬೀಳುವಂತೆಯೇ ಹೇಳಿದ್ದೇನೆ.

ನೀನು ಹೋದ ಮೇಲೆ ಗೌನುಗಳ ಮೇಲೆ ಕೂದಲು ಕಡಿಮೆಯಾಗಬೇಕಿತ್ತು. ಹೆಚ್ಚಾಯಿತು. ಮೊದಲು ಒಂದು ಗೌನಿಗೆ ಒಂದು ಸಲ ಸವರುತ್ತಿದ್ದ ನಾನು ನಾಲ್ಕು ಸಲ ಸವರತೊಡಗಿದೆ. ಅಂಗೈಯನ್ನು ಹೊತ್ತಿಗೊಂದು ಸಲ ತೊಳೆಯಬೇಕು. ಇಸ್ತ್ರಿಯವನು ಗೌನು ಕೊಡವುತ್ತ, "ಅಮ್ಮಾವ್ರೆ, ಸೊಸೆ ಹೋದ್ಲು, ಸೊಸೆ ಬದಲು ಕೂದಲು ಬಂತು" ಎಂದ. "ನಿನ್ನ ಕೆಲಸ ಇಸ್ತ್ರಿ, ಲೆಕ್ಚರಲ್ಲ" ಎಂದೆ. ಆದರೆ ಅರ್ಥವಾಗದೇ ಇರಲಿಲ್ಲ. ನಿನ್ನ ತಗಡಿನ ಡಬ್ಬಿಗೆ ಹೋಗುತ್ತಿದ್ದದ್ದು ಈಗ ಗೌನಿಗೆ ಬರುತ್ತಿತ್ತು, ಗೌನಿಗೆ ಬಾರದ್ದು ಬೆಕ್ಕಿನ ಹೊಟ್ಟೆಗೆ ಹೋಗುತ್ತಿತ್ತು. ಅರ್ಥವಾದರೂ ಡ್ರಾಯರು ತೆಗೆಯಲಿಲ್ಲ. ತೆಗೆದರೆ ನೀನು ಹೇಳಿದ್ದೇ ಸರಿ ಎಂದಾಗುತ್ತದಲ್ಲ.

ಸುಣ್ಣ ನಿನ್ನ ಸ್ಟೂಲಿನ ಕೆಳಗೆ ಮಲಗುವುದು, ಏಳುವುದು, ನೆಕ್ಕಿಕೊಳ್ಳುವುದು. ಬೆಕ್ಕು ನೆಕ್ಕಿಕೊಳ್ಳುವುದು ಹೊಸದಲ್ಲ ಎಂದು ನಾನು ಗಮನ ಕೊಡಲಿಲ್ಲ. ಒಂದು ದಿನ ಅಂಗಾತ ಮಲಗಿದ್ದಾಗ ನೋಡಿದರೆ ಹೊಟ್ಟೆಯ ಮೇಲೆ ಅಂಗೈಯಗಲ ಕೂದಲೇ ಇಲ್ಲ, ಗುಲಾಬಿ ಬಣ್ಣದ ಚರ್ಮ. ಅದೇ ವಾರ ಮೆಟ್ಟಿಲ ಮೇಲೆ ಒದ್ದೆಯಾದ, ಉದ್ದನೆಯ ಏನನ್ನೋ ಕಕ್ಕಿತ್ತು. ಇಸ್ತ್ರಿಯವನು ಇಲಿಯೆಂದು ಕೋಲು ತಂದ. ನೋಡಿದರೆ ಕೂದಲು, ಬತ್ತಿ ಹೊಸೆದ ಹಾಗೆ. ಆಮೇಲೆ ಹತ್ತು ದಿನಕ್ಕೊಂದು, ವಾರಕ್ಕೊಂದು.

ಸೋಮವಾರ ಕತ್ತು ಚಾಚಿ, ಹೊಟ್ಟೆ ಎಳೆದುಕೊಂಡು ಹತ್ತಾರು ಸಲ ಓಕರಿಸಿತು. ನೊರೆ ಬಿಟ್ಟು ಏನೂ ಬರಲಿಲ್ಲ. ಮೀನು ಇಟ್ಟರೆ ಮೂಸಿ ಮುಖ ತಿರುಗಿಸಿತು. ಮಣ್ಣಿನ ಡಬ್ಬಿಗೆ ಹೋಗಿ ಕೂತು ಸುಮ್ಮನೆ ಎದ್ದು ಬಂತು. ನಿನ್ನ ಗಂಡ ಕತ್ತರಿ ಕೆಳಗಿಟ್ಟು, "ಅಮ್ಮಾ, ಡಾಕ್ಟರಿಗೆ ತೋರ್ಸೋಣ" ಎಂದ. "ಇವತ್ತು ಬೆಕ್ಕಿಗೆ ಡಾಕ್ಟರು, ನಾಳೆ ಇಲಿಗೆ ನರ್ಸು! ಹೋಗಿ ಕೆಲಸ ನೋಡು" ಎಂದೆ. ಹೊಟ್ಟೆ ಕಟ್ಟಿದರೆ ಏನು ಮಾಡಬೇಕೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ ಎಂದುಕೊಂಡೆ. ತಿಂಗಳ ಮೊದಲ ಭಾನುವಾರ ನನ್ನ ಮೂವರು ಮಕ್ಕಳನ್ನೂ ಸಾಲಾಗಿ ನಿಲ್ಲಿಸಿ, ಮೂಗು ಹಿಡಿದು ಹರಳೆಣ್ಣೆ ಕುಡಿಸಿದವಳು ನಾನು. ನಿನ್ನ ಗಂಡ ಈಗಲೂ ಆ ಬಾಟಲಿ ಕಂಡರೆ ಬಚ್ಚಲಿಗೆ ಓಡುತ್ತಾನೆ.

ಮಂಗಳವಾರ ಮಧ್ಯಾಹ್ನ ಸುಣ್ಣನನ್ನು ಟವೆಲ್ಲಿನಲ್ಲಿ ಸುತ್ತಿದೆ. ನಿನ್ನ ಗಂಡನಿಗೆ ಅದರ ಕಾಲು ಹಿಡಿ ಎಂದೆ. ಹಿಡಿದ. ದವಡೆ ಒತ್ತಿ ಬಾಯಿ ತೆರೆಸಿ ಒಂದು ದೊಡ್ಡ ಚಮಚ ಹರಳೆಣ್ಣೆ ಸುರಿದೆ. ಅದು ನುಂಗಲಿಲ್ಲ. ಕೆಮ್ಮಿತು, ಮೂಗಿನಿಂದ ಗುಳ್ಳೆ ಬಂತು, ಕಣ್ಣು ಹೊರಗೆ ಬರುವಷ್ಟು ದೊಡ್ಡದಾಯಿತು. ಮಕ್ಕಳೂ ಹೀಗೆಯೇ ಮಾಡುತ್ತಿದ್ದರು ಎಂದು ಇನ್ನರ್ಧ ಚಮಚ ಸುರಿದೆ. ಇದನ್ನು ಬರೆಯಲು ಕೈ ಬರುವುದಿಲ್ಲ. ಬರೆದಿದ್ದೇನೆ.

ಬುಧವಾರವೆಲ್ಲ ಕಪಾಟಿನ ಹಿಂದೆ ಸೇರಿಕೊಂಡಿತ್ತು. ಮಲಗಿ ಸುಧಾರಿಸಿಕೊಳ್ಳುತ್ತಿದೆ ಎಂದು ಎಲ್ಲರಿಗೂ ಹೇಳಿದೆ, ನನಗೂ ಹೇಳಿಕೊಂಡೆ. ಇವತ್ತು ಬೆಳಗ್ಗೆ ಬಗ್ಗಿ ನೋಡಿದರೆ ಪಕ್ಕೆಗಳು ಮಿಷನ್ನಿನ ಸೂಜಿಯ ಹಾಗೆ ಒಂದೇ ಸಮನೆ ಹೊಡೆದುಕೊಳ್ಳುತ್ತಿದ್ದವು. ನನ್ನ ಶಾಲಿನಲ್ಲಿ ಸುತ್ತಿಕೊಂಡು ಚಪ್ಪಲಿಯನ್ನೂ ಹಾಕದೆ ರಸ್ತೆಗೆ ಇಳಿದೆ. ನಿನ್ನ ಗಂಡ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿಬಂದ.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿದರು, ಫೋಟೋ ತೆಗೆಸಿದರು. "ಅಜ್ಜಿ, ಬಾಯಿಗೆ ಏನಾದ್ರೂ ಹಾಕಿದ್ರಾ?" ಎಂದರು. ನನ್ನನ್ನು ಯಾರೂ ಅಜ್ಜಿ ಎನ್ನುವುದಿಲ್ಲ. ಹರಳೆಣ್ಣೆ ಎಂದೆ. ಎಷ್ಟು ಎಂದರು. ಒಂದು ಚಮಚ ಎಂದೆ. ನಿನ್ನ ಗಂಡ ನನ್ನ ಮುಖ ನೋಡಿದ. ಒಂದೂವರೆ ಎಂದೆ.

ಆ ಹುಡುಗಿ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಮೆಲ್ಲಗೆ ಹೇಳಿದರು: "ಬಲವಂತವಾಗಿ ಸುರಿದ ಎಣ್ಣೆ ಹೊಟ್ಟೆಗೇ ಹೋಗುತ್ತೆ ಅಂತ ಯಾರು ಹೇಳಿದ್ದು? ಇದರ ಎದೆಗೆ ಇಳಿದಿದೆ. ಕೂದಲಿನ ಉಂಡೆಗೆ ಔಷಧಿ ಇದೆ. ಅದಕ್ಕೂ ಜಗ್ಗದಿದ್ದರೆ ಆಪರೇಷನ್ ಮಾಡ್ಬಹುದು. ಆದ್ರೆ ಈ ಎದೆ ಇಟ್ಕೊಂಡು ಇದಕ್ಕೆ ಮತ್ತಿನ ಇಂಜೆಕ್ಷನ್ ಕೊಟ್ರೆ ಎದ್ದೇಳೋದು ಕಷ್ಟ." ಅಂದರೆ ತಿಳಿಯಿತಲ್ಲ. ಕೂದಲಿನಿಂದ ಉಳಿಯುತ್ತಿದ್ದ ಜೀವವನ್ನು ನನ್ನ ಎಣ್ಣೆ ಹಿಡಿದು ಕೂತಿದೆ. ಈ ಸಲ ಪ್ರಾಣಸಂಕಟ ಬೆಕ್ಕಿಗೆ.

ಆಮೇಲೆ ಒಂದೊಂದಾಗಿ ಕೇಳಿದರು. ದಿನಾ ಬಾಚ್ತೀರಾ? ನೀರು ಚೆನ್ನಾಗಿ ಕುಡಿಯುತ್ತಾ? ಬರೀ ಒಣ ಕಾಳು ಹಾಕ್ತೀರಾ, ಹಸಿ ಊಟಾನೂ ಇದೆಯಾ? ಹೊಟ್ಟೆಯ ಬೋಳು ಜಾಗವನ್ನು ತೋರಿಸಿ, "ಇಷ್ಟು ನೆಕ್ಕಿಕೊಳ್ಳೋದು ಮನಸ್ಸಿಗೆ ಏನಾದ್ರೂ ಆದಾಗಲೂ ಇರುತ್ತೆ. ಮನೇಲಿ ಏನಾದ್ರೂ ಬದಲಾವಣೆ ಆಗಿದೆಯಾ?" ಎಂದರು. ಇಲ್ಲ ಎಂದೆ. ಹೊಸ ಪ್ರಾಣಿ, ಹೊಸ ಸಾಮಾನು, ಹೊಸ ಜನ? ಇಲ್ಲ. "ಯಾರಾದ್ರೂ ಊರಿಗೆ ಹೋಗಿದಾರಾ?" ನಾನು ಗೋಡೆಯ ಮೇಲಿನ ನಾಯಿಗಳ ಚಿತ್ರ ನೋಡುತ್ತಿದ್ದೆ. ಆಗ ನಿನ್ನ ಗಂಡ ಬಾಯಿ ಬಿಟ್ಟ. "ನನ್ನ ಹೆಂಡತಿ ಹೋಗಿದಾಳೆ, ಡಾಕ್ಟ್ರೇ. ಅವಳೇ ದಿನಾ ಬಾಚ್ತಿದ್ದದ್ದು. ಅಮ್ಮ ಕಳಿಸಿಬಿಟ್ರು."

ಮೂವತ್ತೆರಡು ವರ್ಷದಲ್ಲಿ ಅವನು ನನ್ನ ಎದುರಿಗೆ ನನ್ನ ಮೇಲೆ ಆಡಿದ ಮೊದಲ ಮಾತು ಅದು. ಡಾಕ್ಟರು ಬರೆದುಕೊಂಡರು.

ತಾರೀಖು 15, ಶುಕ್ರವಾರ
ಸಂಜೆ ನಾಲ್ಕು

ಉಂಡೆ ಬಂತು. ಮೊದಲು ಅದನ್ನು ಬರೆದುಬಿಡುತ್ತೇನೆ, ನೀನು ಉಸಿರು ಹಿಡಿದುಕೊಂಡಿರುತ್ತೀಯ.

ಡ್ರಿಪ್ಪಿನ ನೀರು ಮೈಗೆ ಹತ್ತಿದ ಮೇಲೆ, ಅಂಟಿನಂಥ ಒಂದು ಔಷಧಿಯನ್ನು ಮುಂಗಾಲಿಗೆ ಸವರಿದರು. ಅದು ತಾನಾಗಿಯೇ ನೆಕ್ಕಿತು. ನೋಡಿ ನನಗೆ ನಾಚಿಕೆಯಾಯಿತು. ದವಡೆ ಒತ್ತುವುದಿಲ್ಲ, ಟವೆಲ್ಲಿಲ್ಲ, ಕಾಲು ಹಿಡಿಯುವವರಿಲ್ಲ. ಕಾಲಿಗೆ ಸವರಿದರೆ ಮುಗಿಯಿತು, ಶುಚಿಯ ಹುಚ್ಚಿನ ಪ್ರಾಣಿ ತಾನೇ ನೆಕ್ಕಿಕೊಳ್ಳುತ್ತದೆ. ಇವತ್ತು ಮಧ್ಯಾಹ್ನ ಮೂರು ಸಲ ಓಕರಿಸಿ ಹೊರಗೆ ಹಾಕಿತು. ನನ್ನ ಹೆಬ್ಬೆರಳಿನ ದಪ್ಪ, ಅದಕ್ಕಿಂತ ಸ್ವಲ್ಪ ಉದ್ದ.

ನರ್ಸು ಸ್ಟೀಲಿನ ತಟ್ಟೆಯಲ್ಲಿ ಇಟ್ಟುಕೊಂಡು ಎಸೆಯಲು ಹೊರಟಿದ್ದಳು. ನಿಲ್ಲು ಎಂದೆ. ಅದನ್ನು ಯಾಕೆ ನೋಡಬೇಕೆನ್ನಿಸಿತೋ ಗೊತ್ತಿಲ್ಲ. ಬಟ್ಟೆಯ ಕೆಲಸದವರಿಗೆ ಏನು ಕಂಡರೂ ಎಳೆ ಬಿಡಿಸಿ ನೋಡುವ ಚಾಳಿ. ಎರಡು ಕಡ್ಡಿ ತಗೊಂಡು ಬಿಡಿಸಿದೆ. ಬಿಳಿ ಕೂದಲು, ಬಿಳಿ ಕೂದಲು, ಮಧ್ಯೆ ಹಸಿರು. ಉಣ್ಣೆಯ ಎಳೆಗಳು, ಒಂದೆರಡಲ್ಲ, ಹತ್ತಾರು. ಯಾವ ಬಟ್ಟೆಯದೆಂದು ಯಾರೂ ಹೇಳಬೇಕಾಗಿರಲಿಲ್ಲ. ನೀನು ಬಾಗಿಲ ಹಿಂದಿನ ಗೂಟದಲ್ಲಿ ಬಿಟ್ಟು ಹೋದ ಹಸಿರು ಸ್ವೆಟರು. ಮನೆಗೆ ಬಂದು ನೋಡಿದರೆ ಎಡತೋಳಿನ ತುದಿ ಪೂರ್ತಿ ಚೀಪಿ ಹಾಕಿದೆ. ಬಾಚಲು ಕೂತಾಗ ನೀನು ಬೆಕ್ಕನ್ನು ಹಿಡಿದುಕೊಳ್ಳುತ್ತಿದ್ದದ್ದು ಎಡಗೈಯಿಂದ.

ಉಂಡೆ ಬಿಡಿಸಿದ ಮೇಲೆ ನಾನು ಆಸ್ಪತ್ರೆಯ ಕೈತೊಳೆಯುವ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತಿದ್ದೆ. ಕೈ ತೊಳೆಯಬೇಕಿತ್ತು.

ಎದೆ ಇನ್ನೂ ಪೂರ್ತಿ ತಿಳಿಯಾಗಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಗಾಳಿ ಬಿಟ್ಟು ಮಲಗಿಸಿದ್ದಾರೆ. ಕೈ ಹಾಕಲು ಒಂದು ಕಿಂಡಿ ಇದೆ. ನಾನು ಕೈ ಇಟ್ಟಾಗ ತಲೆಯನ್ನು ತಂದು ಅಂಗೈಯಲ್ಲಿ ಇಟ್ಟಿತು. ಡಾಕ್ಟರು ನೋಡಿ, "ನಿಮ್ಮ ಕೈ ಇದಕ್ಕೆ ಚೆನ್ನಾಗಿ ಗೊತ್ತಿದೆ ಅಜ್ಜಿ. ಬಹಳ ಮುದ್ದು ಮಾಡ್ತೀರಾ?" ಎಂದರು. ನಾನು ಬೆಕ್ಕನ್ನು ಮುಟ್ಟುವವಳಲ್ಲ ಎಂದೆ. ನಿನಗೂ ಗೊತ್ತಿದೆ.

ತಾರೀಖು 17, ಭಾನುವಾರ
ಅಂಗಡಿಯಲ್ಲಿ

ಬೆಳಗ್ಗೆ ಮನೆಗೆ ಕಳಿಸಿದರು. ಎದೆಯ ಶಬ್ದ ಇಳಿದಿದೆ, ಇನ್ನು ಹತ್ತು ದಿನ ಔಷಧಿ ಇದೆ. ಬುಟ್ಟಿಯಿಂದ ಇಳಿದು ಸೀದಾ ನಿನ್ನ ಸ್ಟೂಲಿನ ಕೆಳಗೆ ಹೋಗಿ ಮೂಸಿತು, ಬಾಗಿಲ ಹಿಂದೆ ಹೋಗಿ ಮೂಸಿತು. ಸ್ವೆಟರನ್ನು ಎತ್ತಿಟ್ಟಿದ್ದೇನೆ. ಇನ್ನಷ್ಟು ಉಣ್ಣೆ ಹೊಟ್ಟೆಗೆ ಹೋಗುವುದು ಬೇಡ. ಬೇರೆ ಉಪಾಯ ತೋಚದೆ ನಿನ್ನ ದಿಂಬಿನ ಹತ್ತಿಯ ಚೀಲವನ್ನು ಹಾಸಿಕೊಟ್ಟೆ. ಅದರ ಮೇಲೆ ಮಲಗಿದೆ.

ಡಾಕ್ಟರು ಹೇಳಿದ್ದೆಲ್ಲ ನಿನಗೆ ಗೊತ್ತಿರುವುದೇ. ಅವರು ಹೇಳುತ್ತ ಹೋದಂತೆ ನನಗೆ ನಿನ್ನ ದಿನಚರಿಯನ್ನು ಯಾರೋ ಓದಿ ಹೇಳಿದ ಹಾಗಿತ್ತು. ದಿನವೂ ಬಾಚಬೇಕು, ಕೂದಲು ಉದುರುವ ಕಾಲದಲ್ಲಿ ಎರಡು ಹೊತ್ತು. ಬಾಚಣಿಗೆಗೆ ಬಂದ ಕೂದಲು ಹೊಟ್ಟೆಗೆ ಹೋಗದ ಕೂದಲು ಎಂದರು. ನೀರು ಊಟದ ತಟ್ಟೆಯ ಪಕ್ಕದಲ್ಲಿ ಬೇಡ, ಬೇರೆ ಬೇರೆ ಕಡೆ ಇಡಿ, ಅಗಲದ ಬಟ್ಟಲಿರಲಿ. ಹಸಿ ಊಟದ ಜೊತೆ ಬೇಯಿಸಿದ ಸಿಹಿಗುಂಬಳ ಒಂದು ಚಿಕ್ಕ ಚಮಚ ಕಲೆಸಿದರೆ ನಾರು ಸಿಗುತ್ತದೆ, ಕೂದಲು ಕೆಳಗೆ ಸಾಗುತ್ತದೆ. ಯಾವಾಗಲೋ ಒಂದು ಉಂಡೆ ಕಕ್ಕಿದರೆ ಹೆದರಬೇಡಿ. ಕಕ್ಕಲು ಹೋಗಿ ಏನೂ ಬಾರದೆ ಊಟ ಬಿಟ್ಟರೆ ಅದೇ ದಿನ ಬನ್ನಿ, ಮೂರು ದಿನ ಕಾಯಬೇಡಿ. ಎಣ್ಣೆಯ ಮಾತನ್ನು ಮತ್ತೆ ಎತ್ತಲಿಲ್ಲ, ನನ್ನನ್ನು ನೋಡಿದರು ಅಷ್ಟೇ. ಮನೆಗೆ ಬಂದ ಕೂಡಲೇ ಆ ಬಾಟಲಿಯನ್ನು ಚರಂಡಿಗೆ ಸುರಿದೆ. ನಿನ್ನ ಗಂಡ ನಿಂತು ನೋಡಿದ. "ಇಪ್ಪತ್ತು ವರ್ಷ ಲೇಟಾಯ್ತಮ್ಮ" ಎಂದ. ಹುಡುಗನಿಗೆ ಈಗೀಗ ಮಾತು ಬರುತ್ತಿದೆ.

ಡ್ರಾಯರಿನಿಂದ ಬಾಚಣಿಗೆ ತೆಗೆದೆ. ಮೆಟ್ಟಿಲ ಮೇಲೆ ಕೂತೆ. ವೆಲ್ವೆಟ್ಟನ್ನು ಒಂದೇ ದಿಕ್ಕಿಗೆ ಸವರಬೇಕು, ಎದುರು ಸವರಿದರೆ ಬಟ್ಟೆ ಮುನಿಯುತ್ತದೆ ಎಂದು ಹೊಸಬರಿಗೆ ನಾನೇ ಕಲಿಸುವುದು. ಬೆಕ್ಕೂ ಹಾಗೆಯೇ. ಕತ್ತಿನ ಕೆಳಗೆ ಗಂಟು ಬಿದ್ದಿದ್ದವು, ಕತ್ತರಿಯ ತುದಿಯಿಂದ ಬಿಡಿಸಿದೆ. ಹನ್ನೊಂದು ಸಲ ಬಾಚಲು ಬಿಟ್ಟಿತು. ಹನ್ನೆರಡನೆಯ ಸಲಕ್ಕೆ ತಲೆ ಎತ್ತಿ ನನ್ನನ್ನು ದಾಟಿ ಗೇಟಿನ ಕಡೆ ನೋಡಿತು. ಅದು ಕಾಯುತ್ತಿರುವುದು ನನ್ನನ್ನಲ್ಲ ಎಂದು ಅರ್ಥವಾಗದಷ್ಟು ದಡ್ಡಿ ನಾನಲ್ಲ.

ಬೆಕ್ಕನ್ನು ನೋಡಲು ಬಾ. ಬೆಕ್ಕಿಗೋಸ್ಕರ ಹೇಳುತ್ತಿದ್ದೇನೆ. ನನ್ನ ಮುಖ ನೋಡುವುದು ಬೇಡವೆಂದರೆ ತಾರೀಖು 26ರ ಮಂಗಳವಾರ ಬಾ, ನಾನು ಅಳತೆಗೆಂದು ಕೋರ್ಟಿಗೆ ಹೋಗುತ್ತೇನೆ, ಸಂಜೆಯವರೆಗೆ ಇರುವುದಿಲ್ಲ. ಹಿಂಬಾಗಿಲು ತೆಗೆದೇ ಇರುತ್ತದೆ. ಬಾಚಣಿಗೆಯನ್ನು ಮೊದಲಿದ್ದ ಮೊಳೆಗೇ ಸಿಕ್ಕಿಸಿದ್ದೇನೆ. ಸ್ಟೂಲಿನ ಮೇಲೆ ಯಾರನ್ನೂ ಕೂರಿಸಿಲ್ಲ. ಕಾಜಾದ ಕೆಲಸ ನಾನೇ ಮಾಡುತ್ತಿದ್ದೇನೆ, ಕಣ್ಣು ಸಾಲದು. ಗುಂಡಿಗಿಂತ ಕಾಜಾ ದೊಡ್ಡದಾಗುತ್ತಿದೆ ಎಂದು ಮಿಷನ್ನಿನವಳು ಮೂಗಿನ ಕೆಳಗೆ ನಗುತ್ತಾಳೆ.

ಕೂಸಿನ ಉಬ್ಬಸ ಹೇಗಿದೆ, ಬರೆ. ನಿನ್ನ ಅಕ್ಕನಿಗೂ ನನ್ನ ಆಶೀರ್ವಾದ ತಿಳಿಸು.

ಇಂತು,
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ
ನಿನ್ನ ಅತ್ತೆ

ಸೋಮವಾರ ಬೆಳಗ್ಗೆ ಸೇರಿಸಿದ್ದು:

ನಿನ್ನೆ ಲಕೋಟೆಗೆ ಹಾಕಿ ಅಂಟಿಸದೆ ಇಟ್ಟಿದ್ದೆ. ಈ ಕಾಗದ ಪೂರ್ತಿಯಾಗಿಲ್ಲ ಎಂದು ನನಗೆ ಗೊತ್ತಿತ್ತು.

ನಾನು ಬೆಕ್ಕನ್ನು ಮುಟ್ಟುವವಳಲ್ಲ ಎಂದು ಬರೆದೆ. ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕಾಲುನೋವೆಂದು ಬಾಗಿಲು ಹಾಕಿಕೊಳ್ಳುತ್ತೇನಲ್ಲ, ಆ ಹೊತ್ತಿಗೆ ಅದು ಕಿಟಕಿಯಿಂದ ಬರುತ್ತದೆ. ನಾಲ್ಕು ವರ್ಷದಿಂದ ಬರುತ್ತಿದೆ. ನನ್ನ ಶಾಲಿನ ಮೇಲೆ, ಮಡಿಲಲ್ಲಿ ಮಲಗುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಯಾರಿಗೂ ಕಾಣದು ಎಂದುಕೊಳ್ಳುತ್ತದಂತೆ. ಬೆಕ್ಕನ್ನು ಮಡಿಲಲ್ಲಿ ಇಟ್ಟುಕೊಂಡವಳೂ ಹಾಗೆಯೇ ಅಂದುಕೊಂಡಿದ್ದಳು.

ಜಡ್ಜಮ್ಮನ ಗೌನು ಹೋಗುವ ದಿನ ನೀನು ಕವರು ಹಾಕಿ, ನನ್ನ ಕೋಣೆಯ ಗೂಟಕ್ಕೆ ತೂಗುಹಾಕಿ ಊಟಕ್ಕೆ ಹೋದೆ. ನಾನು ಬಾಗಿಲು ಹಾಕಿಕೊಂಡೆ. ನಲವತ್ತೊಂದು ವರ್ಷ ಆ ಗೌನುಗಳನ್ನು ಹೊಲಿದಿದ್ದೇನೆ. ಬಹಳ ಕಾಲ ಎಲ್ಲ ಗಂಡಸರವೇ. ಆಮೇಲೆ ಹೆಂಗಸರದೂ ಬಂದವು, ಆದರೆ ಅಷ್ಟು ಮೇಲಿನ ಕೋರ್ಟಿಗೆ ಒಬ್ಬ ಹೆಂಗಸಿಗೆಂದು ಕತ್ತರಿ ಹಾಕಿದ್ದು ಅದೇ ಮೊದಲು. ಹೈಸ್ಕೂಲಾದ ಮೇಲೆ ನನ್ನ ಓದಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕವರಿನ ಜಿಪ್ಪು ತೆಗೆದೆ. ಶಾಲಿನ ಮೇಲೆಯೇ ಆ ಗೌನನ್ನು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಎಷ್ಟು ಹೊತ್ತು ನಿಂತೆನೋ ತಿಳಿಯದು. ಮೆಟ್ಟಿಲ ಮೇಲೆ ನಿನ್ನ ಹೆಜ್ಜೆ ಕೇಳಿ ಗಡಿಬಿಡಿಯಲ್ಲಿ ಬಿಚ್ಚಿ, ಶಾಲು ಹೊದ್ದ ತೋಳಿನ ಮೇಲೆಯೇ ಹಾಕಿಕೊಂಡು ಹ್ಯಾಂಗರಿಗೆ ಸೇರಿಸಿ ಜಿಪ್ಪು ಎಳೆದೆ. ಬಿಚ್ಚಿದ ಮೇಲೆ ಅದೊಂದು ಗೌನಿಗೆ ಕೊನೆಯ ಸಲ ಕೈ ಸವರಲಿಲ್ಲ.

ಕೂದಲು ನನ್ನ ಶಾಲಿನದು. ಜಡ್ಜಮ್ಮ ಅದನ್ನು ಎತ್ತಿ ಹಿಡಿದ ಕ್ಷಣವೇ ನನಗೆ ಗೊತ್ತಾಯಿತು. ಗೊತ್ತಿದ್ದೂ ನಿನ್ನನ್ನು ಎಲ್ಲರ ಮುಂದೆ ನಿಲ್ಲಿಸಿದೆ. ಸುಳ್ಳುಗಾತಿ ಎಂಬ ಮಾತನ್ನು ನನಗೇ ವಾಪಸು ಕೊಡು, ಅದು ನನ್ನದು.

ಎಲ್ಲರೆದುರಿಗೆ ಅಂದದ್ದನ್ನು ಲಕೋಟೆಯೊಳಗೆ ಗುಟ್ಟಾಗಿ ಹಿಂದಕ್ಕೆ ಪಡೆದರೆ ನ್ಯಾಯವಾಗುವುದಿಲ್ಲ. ಇವತ್ತು ಮಿಷನ್ನುಗಳನ್ನು ನಿಲ್ಲಿಸಿ, ನಿನ್ನ ಗಂಡನನ್ನೂ ಕೂರಿಸಿ, ಸೋಮವಾರದ ಈ ಭಾಗವನ್ನು ಇಲ್ಲಿಯವರೆಗೆ ಇಸ್ತ್ರಿಯವನ ಕೈಯಲ್ಲಿ ಗಟ್ಟಿಯಾಗಿ ಓದಿಸಿದೆ. ಕನ್ನಡಿಯ ಮಾತು ಬಂದಾಗ ಅವನು ತಡವರಿಸಿದ, ಓದು ಎಂದೆ. ಓದಿ ಮುಗಿಸಿದ. ಯಾರೂ ನಗಲಿಲ್ಲ. ಸುಣ್ಣ ಸ್ಟೂಲಿನ ಕೆಳಗಿಂದ ಎದ್ದು ಬಂದು, ಹಾಡುಹಗಲೇ, ಎಲ್ಲರೂ ನೋಡುತ್ತಿದ್ದ ಹಾಗೆಯೇ ನನ್ನ ಮಡಿಲಿಗೆ ಹತ್ತಿತು. ಇಳಿಸಲಿಲ್ಲ.

ಇಸ್ತ್ರಿಯವನು ಕಾಗದ ಮಡಚಿ ಕೊಡುತ್ತ, "ಅಮ್ಮಾವ್ರೆ, ಗೌನು ಸರಿಯಾಗಿ ಕೂತಿತ್ತಾ?" ಎಂದು ಕೇಳಿದ.

ಕೂತಿತ್ತು ಎಂದೆ. ಭುಜ ಮಾತ್ರ ಸ್ವಲ್ಪ ದೊಡ್ಡದಾಯಿತು.